ಹೈಡ್ರಿಲಾ ಕಾಕಾ

"ಮೇಡಂರಿ, ನೀವು ನೀರಾಗ ಕೈ ಹಾಕ್ತೀರೇನ್ರಿ?"

ರೋಣದ ಕಾಲೇಜಿಗೆ ಜೀವಶಾಸ್ತ್ರದ ಉಪನ್ಯಾಸಕಿಯಾಗಿ ಸೇರಿದ ದಿನ ನನಗೆ ಎದುರಾದ ಮೊದಲ ಪ್ರಶ್ನೆ ಇದು. ಕೇಳಿದವರು ಪ್ರಿನ್ಸಿಪಾಲರಲ್ಲ, ಪ್ರಯೋಗಾಲಯದ ಅಟೆಂಡರ್. ನಾನು ಧಾರವಾಡದಲ್ಲಿ ಎಂ.ಎಸ್ಸಿ. ಓದಿದವಳು, ಚಿನ್ನದ ಪದಕವನ್ನು ಸ್ವಲ್ಪದರಲ್ಲಿ ಕಳೆದುಕೊಂಡವಳು. ಹಾಕುತ್ತೇನೆ ಎಂದೆ. ಅವರು ನನ್ನ ಕೈಗಳನ್ನು ನೋಡಿದರು, ಬಳೆಗಳನ್ನು ನೋಡಿದರು. "ಹಿಂದಿನ ಸರ್ರೂ ಹಾಕ್ತೀನಿ ಅಂದಿದ್ರು" ಎಂದು ಹೇಳಿ ಚಹಾ ತರಲು ಹೋದರು.

ಅವರಿಗೆ ಹೆಸರಿತ್ತು. ದಿನಾ ಬೆಳಿಗ್ಗೆ ಹಾಜರಿ ಪುಸ್ತಕದಲ್ಲಿ ಅದನ್ನು ಒಂದೊಂದೇ ಅಕ್ಷರ ಬಿಡಿಸಿ ಬರೆಯುತ್ತಿದ್ದರು. ಅದನ್ನು ಬಿಟ್ಟರೆ ಆ ಹೆಸರು ಯಾರ ಬಾಯಲ್ಲೂ ಬಂದದ್ದನ್ನು ನಾನು ಕೇಳಿಲ್ಲ. ಹುಡುಗರಿಗೆ ಕಾಕಾ, ಉಪನ್ಯಾಸಕರಿಗೆ ಕಾಕಾ, ವಯಸ್ಸಿನಲ್ಲಿ ಅವರಿಗಿಂತ ದೊಡ್ಡವರಾದ ಪ್ರಿನ್ಸಿಪಾಲರಿಗೂ ಕಾಕಾ. ನರಗುಂದ ಮತ್ತು ಗಜೇಂದ್ರಗಡದ ಕಾಲೇಜುಗಳವರು ಮಾತ್ರ ಹೈಡ್ರಿಲಾ ಕಾಕಾ ಎನ್ನುತ್ತಿದ್ದರು. ಇಲ್ಲಿ ಅವರ ನಿಜವಾದ ಹೆಸರು ಬರೆದರೆ ಅವರನ್ನು ಬಲ್ಲವರೇ ಗುರುತು ಹಿಡಿಯಲಾರರು. ಹಾಗಾಗಿ ಕಾಕಾ ಎಂದೇ ಇರಲಿ.

ತೆಳ್ಳನೆಯ ಎತ್ತರದ ಮನುಷ್ಯ. ಖಾಕಿ ಪ್ಯಾಂಟಿನ ಬಲಗಾಲು ಯಾವಾಗಲೂ ಮೊಳಕಾಲಿನವರೆಗೆ ಮಡಚಿರುತ್ತಿತ್ತು, ಎಡಗಾಲು ಮಡಚುತ್ತಿರಲಿಲ್ಲ. ಹೊಸಬರು ಇದನ್ನು ಮರೆವು ಎಂದುಕೊಳ್ಳುತ್ತಿದ್ದರು. ನಾನೂ ಹಾಗೆಯೇ ಅಂದುಕೊಂಡು, ಒಂದು ದಿನ ಸಂಕೋಚ ಬಿಟ್ಟು ಹೇಳಿದೆ. ಕಾಕಾ ತಮ್ಮ ಎರಡೂ ಕಾಲುಗಳನ್ನು ನೋಡಿಕೊಂಡರು.

"ಹೊಂಡದಾಗ ಒಂದ ಕಾಲ ಇಡಬೇಕ್ರಿ. ಎರಡೂ ಇಟ್ರ ತಳದ ರಾಡಿ ಏಳತೈತಿ. ರಾಡಿ ಎದ್ರ ಬಳ್ಳಿಗೆ ಬೆಳಕ ಸಿಗೂದಿಲ್ಲ."

ಹೊಂಡ ಇದ್ದದ್ದು ಪ್ರಯೋಗಾಲಯದ ಹಿಂದಿನ ಕೈತೋಟದಲ್ಲಿ, ಬೇವಿನ ಮರದ ನೆರಳು ಮಧ್ಯಾಹ್ನದ ಮೇಲಷ್ಟೇ ತಲುಪುವಷ್ಟು ದೂರದಲ್ಲಿ. ಮೂಲತಃ ಅದು ಕಾಲೇಜು ಕಟ್ಟುವಾಗ ಸಿಮೆಂಟು ಕಲಸಲು ನೀರು ನಿಲ್ಲಿಸಿದ್ದ ತೊಟ್ಟಿ. ಕಟ್ಟಡ ಮುಗಿದ ಮೇಲೆ ಅದನ್ನು ಒಡೆಯುವುದು ಯಾರ ಕೆಲಸ ಎಂಬುದು ತೀರ್ಮಾನವಾಗದೆ ಉಳಿದುಕೊಂಡಿತು. ಕಾಕಾ ಗಜೇಂದ್ರಗಡದ ಗುಡ್ಡದ ಕಡೆಯಿಂದ ಚಪ್ಪಟೆ ಕಲ್ಲು ತರಿಸಿ, ತೊಟ್ಟಿಯ ಒಂದು ಬದಿಗೆ ಒಳಗೂ ಹೊರಗೂ ಇಳಿಜಾರು ಜೋಡಿಸಿದ್ದರು, ಕಪ್ಪೆ ಹತ್ತಿ ಇಳಿಯಲು, ಗುಬ್ಬಿ ಮುಳುಗದೆ ನೀರು ಕುಡಿಯಲು. ನೀರಿನ ಮೇಲೆ ಓಡಾಡುವ ಉದ್ದಕಾಲಿನ ಹುಳುಗಳು, ಕೆಂಪು ಏರೋಪ್ಲೇನ್ ಚಿಟ್ಟೆಗಳು, ಬಸವನಹುಳುಗಳು, ಸೊಳ್ಳೆಯ ಮರಿ ತಿನ್ನುವ ಬೆರಳುದ್ದದ ಮೀನುಗಳು ಅಲ್ಲಿದ್ದವು. ಹೇಳದೆ ಕೇಳದೆ ಬಂದು ಎಲ್ಲರನ್ನೂ ಹೆದರಿಸಿ ಹೋಗುವ ಒಂದು ನೀರುಹಾವೂ ಇತ್ತು. ಅದಕ್ಕೆ ಕಾಕಾ ಇನ್‌ಸ್ಪೆಕ್ಟರ್ ಎಂದು ಹೆಸರಿಟ್ಟಿದ್ದರು.

ಇಷ್ಟು ಸಂಸಾರದ ಉಸಿರು ನಡೆಯುತ್ತಿದ್ದುದು ಹೈಡ್ರಿಲಾ ಎಂಬ ಬಳ್ಳಿಯಿಂದ. ನೀರಿನೊಳಗೇ ಹುಟ್ಟಿ ನೀರಿನೊಳಗೇ ಬೆಳೆಯುವ, ಎಳೆ ಎಳೆಯಾದ ಹಸಿರು ಗಿಡ. ಬಿಸಿಲು ಬಿದ್ದರೆ ನೀರಿಗೆ ಆಮ್ಲಜನಕ ಬಿಡುತ್ತದೆ. ಜೀವಶಾಸ್ತ್ರ ಓದಿದ ಯಾರಿಗೂ ಅದರ ಪ್ರಯೋಗ ಮರೆತಿರುವುದಿಲ್ಲ. ಗಾಜಿನ ಬೀಕರಿನಲ್ಲಿ ನೀರು, ನೀರಿನಲ್ಲಿ ಬಳ್ಳಿಯ ತುಂಡು, ಅದರ ಮೇಲೆ ಬೋರಲು ಹಾಕಿದ ಆಲಿಕೆ, ಆಲಿಕೆಯ ಮೇಲೆ ನೀರು ತುಂಬಿದ ಪ್ರನಾಳ. ಬೆಳಕಿಗಿಟ್ಟರೆ ಬಳ್ಳಿಯ ಕೊಯ್ದ ತುದಿಯಿಂದ ಗುಳ್ಳೆಗಳು ಏಳುತ್ತವೆ. ಪ್ರನಾಳದ ತುದಿಯಲ್ಲಿ ಗಾಳಿ ಕೂಡಿದ ಮೇಲೆ, ಕೆಂಡ ಕಟ್ಟಿದ ಊದಿನಕಡ್ಡಿ ಹಿಡಿದರೆ ಭಗ್ಗೆಂದು ಹೊತ್ತಿಕೊಳ್ಳುತ್ತದೆ. ಸೊರಗಿದ ಬಳ್ಳಿ ಗುಳ್ಳೆ ಬಿಡುವುದಿಲ್ಲ. ಬಳ್ಳಿ ಗುಳ್ಳೆ ಬಿಡದಿದ್ದರೆ, ಗಿಡಗಳು ಆಮ್ಲಜನಕ ಕೊಡುತ್ತವೆ ಎಂಬುದಕ್ಕೆ ಪುಸ್ತಕದ ಮಾತನ್ನು ಬಿಟ್ಟರೆ ನಮ್ಮ ಬಳಿ ಬೇರೆ ಆಧಾರವಿಲ್ಲ.

ಅದಕ್ಕಾಗಿ ಪ್ರಾಕ್ಟಿಕಲ್ ಪರೀಕ್ಷೆ ಹತ್ತಿರ ಬಂದಾಗ ನರಗುಂದ, ಗಜೇಂದ್ರಗಡಗಳಿಂದ ಕಾಕಾಗೆ ಫೋನು ಬರುತ್ತಿತ್ತು. ಒದ್ದೆ ಬಟ್ಟೆಯಲ್ಲಿ ಸುತ್ತಿ, ಡಬ್ಬಿಯಲ್ಲಿಟ್ಟು, ಬಸ್ಸಿನ ಡ್ರೈವರ್ ಕೈಗೆ ಕೊಟ್ಟು ಕಳಿಸುತ್ತಿದ್ದರು. ಅವರು ಓದಿದ್ದು ಏಳನೆಯ ಇಯತ್ತೆ. ಫೋಟೋಸಿಂಥೆಸಿಸ್ ಎಂಬುದು ಅವರ ಬಾಯಲ್ಲಿ ಫೋಟೋಸಂತಿ ಆಗಿತ್ತು. "ಇವತ್ತ ಫೋಟೋಸಂತಿ ಐತೇನ್ರಿ ಮೇಡಂ?" ಎಂದು ಕೇಳುತ್ತಿದ್ದರು, ರವಿವಾರದ ಸಂತೆ ಇದೆಯೇ ಎಂದು ಕೇಳಿದ ಹಾಗೆ. ತಿದ್ದಲು ಹೋಗಿ ನಾನೇ ಎರಡು ಬಾರಿ ತರಗತಿಯಲ್ಲಿ ಫೋಟೋಸಂತಿ ಎಂದಿದ್ದೇನೆ.

ಮೊದಲ ಬೇಸಿಗೆಯಲ್ಲಿ ಹೊಂಡದ ನೀರು ಇಳಿದಿತ್ತು. ಒಳ್ಳೆಯದಾಗಲಿ ಎಂದು ನಳದ ನೀರಿನ ಪೈಪು ಬಿಟ್ಟೆ. ಕಾಕಾ ಓಡಿ ಬಂದು ನಳ ಬಂದ್ ಮಾಡಿದರು.

"ನಳದ ನೀರ ಎರಡ ದಿವಸ ಹೊರಗ ಕುಂದ್ರಸಬೇಕ್ರಿ. ಅದರಾಗ ಔಷಧ ಹಾಕಿರ್ತಾರ. ಕುಂತ್ರ ಸಿಟ್ಟ ಇಳೀತೈತಿ."

"ಬೋರಿನ ನೀರು ಬಿಡಬಹುದೇನ್ರಿ?"

"ಸವಳ ಐತ್ರಿ. ಎಲಿ ಮ್ಯಾಲ ಬೆಳ್ಳಗ ಸುಣ್ಣ ಕುಂದ್ರತೈತಿ. ಎಲಿ ಬಿಸಲ ಹ್ಯಾಂಗ ನೋಡಬೇಕು?"

ಅವರು ನಂಬುತ್ತಿದ್ದುದು ಮಳೆನೀರನ್ನು ಮಾತ್ರ. ಮಾಳಿಗೆಯಿಂದ ಒಂದು ಪೈಪನ್ನು ಹೊಂಡದವರೆಗೂ ಇಳಿಸಿದ್ದರು. ಪಾಚಿಗೆ ನಮ್ಮ ಕಡೆ ಹಾವಸಿ ಎನ್ನುತ್ತಾರೆ. ಬಳ್ಳಿಯ ಮೇಲೆ ಕೂದಲಿನಂತೆ ಹಬ್ಬಿದ ಹಾವಸಿಯನ್ನು ಬೇವಿನ ಕಡ್ಡಿಗೆ ಶ್ಯಾವಿಗೆಯಂತೆ ಸುತ್ತಿ ಸುತ್ತಿ ತೆಗೆಯುತ್ತಿದ್ದರು. ಬಳ್ಳಿ ದಟ್ಟವಾದಾಗ ಮೂರನೆಯ ಒಂದು ಪಾಲು ಮಾತ್ರ ಕೀಳುತ್ತಿದ್ದರು. ಕಿತ್ತದ್ದನ್ನು ತಕ್ಷಣ ಎಸೆಯದೆ ಕಲ್ಲಿನ ಮೇಲೆ ಒಂದು ದಿನ ಬಿಡುತ್ತಿದ್ದರು. ಯಾಕೆಂದು ಕೇಳಿದರೆ, "ಒಳಗ ಹುಳಹುಪ್ಪಡಿ ಇರ್ತಾವ್ರಿ. ಬಸ್ ನಿಂತ ಮ್ಯಾಲ ಮಂದಿ ಇಳ್ಯಾಕ ಟೈಮ ಕೊಡಬೇಕಿಲ್ಲೇನ್ರಿ?"

ಕಾಲೇಜಿನ ಆಡಳಿತ ಸಮಿತಿಯಲ್ಲಿ ನರಗುಂದದ ಕಾಳುಕಡಿ ವ್ಯಾಪಾರಿಯೊಬ್ಬರಿದ್ದರು. ಅವರು ಒಮ್ಮೆ ಹೊಂಡವನ್ನು ನೋಡಿ, ಇದರಲ್ಲಿ ಒಂದು ಹೂವೂ ಇಲ್ಲವಲ್ಲ ಎಂದು ಮರುಗಿ, ಮರುದಿನ ಒಂದು ಗೋಣಿಚೀಲ ತುಂಬ ಅಂತರಗಂಗೆ ಕಳಿಸಿಕೊಟ್ಟರು. ನೇರಳೆ ಹೂವಿನ, ನೀರಿನ ಮೇಲೆ ತೇಲುವ ಸಸ್ಯ. ಬಿಟ್ಟರೆ ತಿಂಗಳೊಳಗೆ ನೀರನ್ನು ಕಂಬಳಿಯಂತೆ ಮುಚ್ಚಿ, ಕೆಳಗಿನ ಬಳ್ಳಿಯನ್ನು ಕತ್ತಲಲ್ಲಿ ಕೊಲ್ಲುತ್ತದೆ. ಕಾಕಾ ಚೀಲವನ್ನು ಎರಡೂ ಕೈಯಿಂದ ಇಸಿದುಕೊಂಡರು. ಕಾಲೇಜಿನ ಮುಂಬಾಗಿಲಲ್ಲಿ ಒಂದು ಸಿಮೆಂಟಿನ ಕುಂಡ ಇಟ್ಟು, ನೀರು ತುಂಬಿ, ಅದರಲ್ಲಿ ಅಂತರಗಂಗೆ ಬಿಟ್ಟರು. "ಸಾವಕಾರ್ರ ಹೂವು ಬಾಗಿಲದಾಗ ಇರಬೇಕ್ರಿ. ಹಿಂದ ಇಟ್ರ ಯಾರ ನೋಡ್ತಾರ?" ವ್ಯಾಪಾರಿಗೆ ಬಹಳ ಸಂತೋಷವಾಯಿತು. ಪ್ರತಿ ಸಭೆಗೂ ಬಂದಾಗ ಕುಂಡದ ಮುಂದೆ ಒಂದು ಕ್ಷಣ ನಿಲ್ಲುತ್ತಿದ್ದರು.

ಇದರಿಂದ ಕಾಕಾ ಎಲ್ಲರೊಂದಿಗೂ ಹೊಂದಿಕೊಂಡು ಹೋಗುವವರೆಂದು ತಿಳಿಯಬಾರದು. ರಸಾಯನಶಾಸ್ತ್ರದ ಉಪನ್ಯಾಸಕರೊಬ್ಬರು ಹೊಂಡದಲ್ಲಿ ಪ್ರನಾಳ ತೊಳೆದರೆಂದು ಅವರೊಂದಿಗೆ ಎರಡು ವರ್ಷ ಮಾತು ಬಿಟ್ಟಿದ್ದರು. ದಿನಾ ಚಹಾ ಮಾತ್ರ ಕೊಡುತ್ತಿದ್ದರು, ಸಕ್ಕರೆ ಇಲ್ಲದೆ.

ಈಗ ನಾನು ಮಾಡಿದ್ದನ್ನು ಹೇಳಬೇಕು.

ನಾನು ಸೇರಿ ಎರಡನೆಯ ವರ್ಷ. ಪ್ರಾಕ್ಟಿಕಲ್ ಪರೀಕ್ಷೆಗೆ ಹತ್ತು ದಿನ ಬಾಕಿ. ಕಾಕಾ ಮೊಮ್ಮಗನ ಜವಳಕ್ಕೆಂದು ನಾಲ್ಕು ದಿನ ರಜೆ ಹಾಕಿ ನರಗುಂದದ ಮಗಳ ಮನೆಗೆ ಹೋಗಿದ್ದರು. ಸ್ಟಾಫ್ ರೂಮಿನಲ್ಲಿ ಎಲ್ಲರೂ ಕೂತಿದ್ದಾಗ ಪ್ರಿನ್ಸಿಪಾಲರು ಬಂದರು.

"ಪರೀಕ್ಷಾ ತಪಾಸಣಿಗೆ ಮಂದಿ ಬರ್ತಾರ. ಹಿಂದ ಆ ಹಸರ ನೀರ ನೋಡಿದ್ರ ಸೊಳ್ಳಿ ಸಾಕೀರೇನು ಅಂತಾರ. ಬ್ಲೀಚಿಂಗ್ ಪೌಡರ್ ಹಾಕಿ ತೊಳಸಿಬಿಡ್ತೀನಿ. ನಿಮ್ಮ ವಿಭಾಗದ್ದು, ಏನಂತೀರಿ ಮೇಡಂ?"

ನನ್ನ ನೌಕರಿ ಕಾಯಂ ಆಗುವ ವರದಿ ಅವರ ಮೇಜಿನ ಮೇಲೆ ಸಹಿಗೆ ಕಾದಿತ್ತು. ನಾನು ಏನೂ ಅನ್ನಲಿಲ್ಲ. ಅದನ್ನು ಅವರು ಒಪ್ಪಿಗೆ ಎಂದುಕೊಂಡರು. ಅವರು ಹಾಗೆ ಅಂದುಕೊಳ್ಳಲಿ ಎಂದೇ ನಾನು ಏನೂ ಅಂದಿರಲಿಲ್ಲ. ಮರುದಿನ ಇಬ್ಬರು ಆಳು ಬಂದು ಹೊಂಡ ತೊಳೆದರು. ನಾನು ಆ ಹೊತ್ತಿಗೆ ತರಗತಿ ಇಟ್ಟುಕೊಂಡಿದ್ದೆ.

ಕಾಕಾ ಬಂದಾಗ ಹೊಂಡದಲ್ಲಿ ಹೊಸ ನೀರಿತ್ತು. ಎಷ್ಟು ತಿಳಿಯಾಗಿತ್ತೆಂದರೆ, ಎಂದೋ ಒಬ್ಬ ಮೇಸ್ತ್ರಿ ತಳದ ಹಸಿ ಸಿಮೆಂಟಿನಲ್ಲಿ ಬೆರಳಿನಿಂದ ಬರೆದ ಹೆಸರು ಕಾಣಿಸುತ್ತಿತ್ತು. ಮೂಲೆಯಲ್ಲಿ ಕಸಬರಿಗೆ ಒತ್ತಿದ ಕಡೆ ಮೂರು ಕಪ್ಪೆಗಳು ಹೊಟ್ಟೆ ಮೇಲಾಗಿ ಒಣಗುತ್ತಿದ್ದವು. ಬಳ್ಳಿ ಗೋಡೆಯಾಚೆ ಕಸದ ರಾಶಿಯಲ್ಲಿ ಕಂದು ಹಗ್ಗದಂತಾಗಿತ್ತು. ಕಾಕಾ ಬಹಳ ಹೊತ್ತು ದಂಡೆಯಲ್ಲಿ ನಿಂತಿದ್ದರು. ನಾನು ಕಿಟಕಿಯಿಂದ ನೋಡುತ್ತಿದ್ದೆ. ಅವರು ತಳದ ಹೆಸರನ್ನು ಗಟ್ಟಿಯಾಗಿ ಓದಿದರು.

"ಇಂವ ಈಗ ಗದಗಿನ್ಯಾಗ ಅದಾನ" ಎಂದು ನನಗೆ ಹೇಳಿದರು. ಆಮೇಲೆ ಕಪ್ಪೆಗಳನ್ನು ಒಂದೊಂದಾಗಿ ಎತ್ತಿ ಬೇವಿನ ಬುಡದಲ್ಲಿ ಹೂಳಿದರು. ಯಾರು, ಯಾಕೆ ಎಂದು ಕೇಳಲಿಲ್ಲ. ಬೇರೆ ಯಾರಾದರೂ ಹೇಳಿಯಾರು ಎಂದು ನಾನೂ ಹೇಳಲಿಲ್ಲ.

ಬಳ್ಳಿ ಎಲ್ಲಿಂದ ತರುವುದು? ಅದು ಮೊದಲು ಬಂದದ್ದು ನರಗುಂದದ ಕಾಲುವೆಯಿಂದ. ಮಗಳಿಗೆ ಫೋನು ಮಾಡಿದರು. ಕಾಲುವೆಗೆ ನೀರು ಬಿಡುವುದನ್ನು ನಿಲ್ಲಿಸಿದ್ದಾರೆ, ಕೆಸರೂ ಒಣಗಿದೆ ಎಂದಳು. ಅಸೂಟಿಯಲ್ಲಿ ಒಬ್ಬರ ದನದ ನೀರಿನ ತೊಟ್ಟಿಗೆ ಹಿಂದೊಮ್ಮೆ ಒಂದು ಹಿಡಿ ಕೊಟ್ಟಿದ್ದರು. ಸೈಕಲ್ ಏರಿ ಅಲ್ಲಿಗೆ ಹೋಗಿ ಬರಿಗೈಯಲ್ಲಿ ಬಂದರು.

"ಏನಾತ್ರಿ ಕಾಕಾ?"

"ಎಮ್ಮಿ ತಿಂದೈತಂತ."

"ಅಯ್ಯೋ."

"ಎಮ್ಮಿ ಹ್ಯಾಂಗ ಐತಿ ಅಂತ ಕೇಳಿದೆ. ಚಲೋ ಐತಂತ."

ಅದೇ ಸಂಜೆ ಗಜೇಂದ್ರಗಡದ ಉಪನ್ಯಾಸಕರು ಫೋನು ಮಾಡಿ, ಕಾಕಾ, ಬುಧವಾರ ನಮಗೆ ಒಂದು ಹಿಡಿ ಬಳ್ಳಿ ಬೇಕು ಎಂದರು. "ಬುಧವಾರ ಮುಂಜಾನಿ ಬಸ್ಸಿಗೆ ಕೊಡ್ತೀನ್ರಿ" ಎಂದು ಕಾಕಾ ಫೋನು ಇಟ್ಟರು. ಒಂದು ಎಲೆಯೂ ಇಲ್ಲದ ಮನುಷ್ಯ. ನಾನು ಬೇರೆ ಪ್ರಯೋಗ ಇಡೋಣ ಎಂದೆ. ಅವರು ಕೇಳಿಸಿಕೊಳ್ಳದವರಂತೆ ಬಕೀಟು ತೊಳೆಯುತ್ತಿದ್ದರು.

ರವಿವಾರ ಹೊಳೆಮಣ್ಣೂರಿಗೆ ಹೊರಟರು, ನಾನೂ ಜೊತೆಗೆ ಹೋದೆ. ಬರಬೇಕೆಂದು ಅವರು ಹೇಳಲಿಲ್ಲ, ಬೇಡವೆಂದೂ ಹೇಳಲಿಲ್ಲ. ಮಳೆಗಾಲದಲ್ಲಿ ಊರೊಳಗೇ ನುಗ್ಗುವ ಮಲಪ್ರಭೆ ಆಗ ಅಲ್ಲೊಂದು ಇಲ್ಲೊಂದು ಮಡುವಾಗಿ ನಿಂತಿತ್ತು. ಕಾಕಾ ಬಲಗಾಲು ಮಡಚಿ ನೀರಿಗಿಳಿದರು. ಸ್ವಲ್ಪ ದೂರದಲ್ಲಿ ಒಬ್ಬ ಹೆಂಗಸು ಬಟ್ಟೆ ಒಗೆಯುತ್ತಿದ್ದಳು.

"ಏನ ಬಿದ್ದೈತ್ರೀ ಯಜ್ಜಾ? ಉಂಗುರೇನು?"

"ಇಲ್ಲಬೇ ಯವ್ವಾ. ಹಾವಸಿ ಅಂಥಾ ಬಳ್ಳಿ ನೋಡಾಕ ಬಂದೇವಿ."

ಅವಳು ಒಗೆಯುವುದನ್ನು ನಿಲ್ಲಿಸಿದಳು. "ಎಲ್ಲಿಂದ?"

"ರೋಣದಿಂದ."

"ಇವ್ರು ಯಾರು?"

"ಮೇಡಂ. ಅದನ್ನ ಕಲಸ್ತಾರ."

ಅವಳು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಹಾವಸಿ ಕಲ್ಯಾಕೂ ಸಾಲಿ ಐತೇನ್ರಿ ನಿಮ್ಮೂರಾಗ?" ಎಂದಳು. ಕಾಕಾ ಬಳ್ಳಿಯ ಎಲೆ ಹೇಗಿರುತ್ತದೆಂದು ಬೆರಳು ಕೂಡಿಸಿ ತೋರಿಸಿದರು. ಆಕೆ ಕೈಯಲ್ಲಿದ್ದ ಸೀರೆಯಿಂದಲೇ ದಿಕ್ಕು ತೋರಿಸಿದಳು.

"ಆ ದೊಡ್ಡ ಕಲ್ಲಿನ ಆಚಿಕ ನೋಡ್ರಿ. ಕಾಲಿಗೆ ಸುತ್ಕೋತೈತಿ, ಭಾಳ ತ್ರಾಸು. ಎಲ್ಲಾ ಕಿತ್ಕೊಂಡ ಹೋಗ್ರಿ."

"ಎಲ್ಲಾ ಒಯ್ಯೂದಿಲ್ಲವಾ. ನಮಗ ಒಂದ ಬಕೀಟ ಸಾಕು."

ಕಲ್ಲಿನಾಚೆ ಸೊಂಪಾದ ಬಳ್ಳಿ ಇತ್ತು. ಕಾಕಾ ಬಗ್ಗಿ, ತುದಿ ಗಾಢ ಹಸಿರಿದ್ದ ಎಳೆಗಳನ್ನಷ್ಟೇ ಆರಿಸಿ, ನೀರಿನಲ್ಲೇ ತೊಳೆದು ತೊಳೆದು ಕೊಡತೊಡಗಿದರು. ನಾನು ಬಕೀಟಿಗೆ ಹಾಕುತ್ತಿದ್ದೆ. ಅವರ ಬೆನ್ನು ನನ್ನ ಕಡೆಗಿತ್ತು. ಮುಖ ನೋಡಿಕೊಂಡು ಹೇಳುವ ಧೈರ್ಯ ನನಗೆ ಬರುವಂತಿರಲಿಲ್ಲ.

"ಕಾಕಾ, ಬ್ಲೀಚಿಂಗ್ ಹಾಕೂ ಮುಂದ ಪ್ರಿನ್ಸಿಪಾಲರು ನನ್ನ ಕೇಳಿದ್ರು. ನಾ ಬ್ಯಾಡ ಅನಲಿಲ್ಲ."

ಅವರ ಕೈ ನಿಂತಿತು. ತಿರುಗಲಿಲ್ಲ.

"ಯಾಕ್ರಿ?"

"ಅಂಜಿದೆ."

"ಯಾರಿಗೆ? ಪ್ರಿನ್ಸಿಪಾಲ್ರಿಗೇನ್ರಿ?"

"ಹೌದ್ರಿ."

"ಅವ್ರು ಕಪ್ಪಿ ಕಂಡ್ರ ಕುರ್ಚಿ ಮ್ಯಾಲ ಹತ್ತಿ ನಿಂದರ್ತಾರ" ಎಂದರು. ಆಮೇಲೆ ಇನ್ನೊಂದು ಹಿಡಿ ಬಳ್ಳಿ ಚಾಚಿದರು. "ಬಕೀಟ ಸರಿಯಾಗಿ ಹಿಡೀರಿ."

ಬೈದಿದ್ದರೆ ಚೆನ್ನಾಗಿತ್ತು. ಅಲ್ಲಿಂದ ರೋಣ ಮುಟ್ಟುವವರೆಗೆ ಅವರು ನನ್ನೊಂದಿಗೆ ಮಾತಾಡಲಿಲ್ಲ. ಮಾತಾಡಿದ್ದು ಕಂಡಕ್ಟರನ ಜೊತೆ. ಆತ ಬಟ್ಟೆ ಮುಚ್ಚಿದ ಬಕೀಟನ್ನು ಕಾಲಿನಿಂದ ಮುಟ್ಟಿ ಕೇಳಿದ.

"ಏನೈತ್ರೀ ಇದರಾಗ?"

"ಗಾಳಿ."

"ಬಕೀಟಿನ್ಯಾಗ ಗಾಳಿ ಒಯ್ತೀರೇನ್ರಿ?"

"ಇನ್ನೂ ಹುಟ್ಟಿಲ್ಲ. ಬಿಸಲ ಬಿದ್ದ ಮ್ಯಾಲ ಹುಟ್ಟತೈತಿ."

ಕಂಡಕ್ಟರ್ ನನ್ನ ಮುಖ ನೋಡಿದ. ನಾನು ಹೌದೆಂದು ತಲೆಯಾಡಿಸಿದೆ. ಆತ ಮುಂದಿನ ಸೀಟಿಗೆ ಹೋದ.

ಜಾಗ ಬದಲಾದ ಬಳ್ಳಿ ಎರಡು ಮೂರು ದಿನ ಮುನಿಸಿಕೊಂಡಿರುತ್ತದೆ. ಕಾಕಾ ಅದನ್ನು ಪ್ರಯೋಗಾಲಯದ ಪೂರ್ವದ ಕಿಟಕಿಯ ಕೆಳಗೆ ಗಾಜಿನ ತೊಟ್ಟಿಗಳಲ್ಲಿಟ್ಟು, ಮಾಳಿಗೆಯ ಡ್ರಮ್ಮಿನಲ್ಲಿ ಉಳಿದಿದ್ದ ಮಳೆನೀರು ಹಾಕಿದರು. ಕೊಳೆತ ಎಲೆಯನ್ನು ದಿನಾ ಆರಿಸಿ ತೆಗೆದರು. ಬುಧವಾರ ನರಗುಂದಕ್ಕೆ ಒಂದು ಡಬ್ಬಿ, ಗಜೇಂದ್ರಗಡಕ್ಕೆ ಒಂದು ಡಬ್ಬಿ ಬಸ್ಸು ಹತ್ತಿದವು.

ನಮ್ಮ ಪರೀಕ್ಷೆಯ ದಿನ ಹೊರಗಿನಿಂದ ಬಂದ ಪರೀಕ್ಷಕರು ದಪ್ಪನೆಯ, ಗಂಭೀರ ವ್ಯಕ್ತಿ. ಉಳಿದವರ ಬೀಕರುಗಳಲ್ಲಿ ಗುಳ್ಳೆ ಎದ್ದವು. ಕಿಟಕಿಯ ಹತ್ತಿರವೇ ಇದ್ದ ಒಬ್ಬ ಹುಡುಗಿಯದರಲ್ಲಿ ಏಳಲಿಲ್ಲ. ಕೊಯ್ದ ತುದಿ ಮೇಲಿತ್ತು, ಚಿಟಿಕೆ ಸೋಡಾ ಪುಡಿ ಹಾಕಿಯಾಗಿತ್ತು, ಎಲ್ಲ ಸರಿಯಾಗಿತ್ತು. ಹತ್ತು ನಿಮಿಷವಾಯಿತು. ಪರೀಕ್ಷಕರು ಮೊದಲಿನಿಂದಲೂ ಅವಳ ಮುಂದೆಯೇ ಕೈಕಟ್ಟಿಕೊಂಡು ನಿಂತು ಕಾಯುತ್ತಿದ್ದರು. ಹುಡುಗಿಯ ಕಣ್ಣಲ್ಲಿ ನೀರು ಬಂತು. ಇದೇ ನಾನು ಮಾಡಿದ ಪಾಪದ ಫಲ ಎಂದು ನನಗೆ ಅನಿಸಿತು. ಹಿಂದಿನಿಂದ ಕಾಕಾ ಒಂದು ಹೆಜ್ಜೆ ಮುಂದೆ ಬಂದರು.

"ಸಾಹೇಬ್ರ, ಒಂಚೂರ ಈ ಕಡೆ ಸರೀತೀರೇನ್ರಿ?"

"ಯಾಕೆ?"

"ಬಿಸಲು ನಿಮ್ಮ ಬೆನ್ನ ಮ್ಯಾಲ ಬೀಳಾಕತ್ತೈತಿ. ಬಳ್ಳಿಗೆ ಬೀಳವಲ್ದು."

ಪರೀಕ್ಷಕರು ಸರಿದರು. ಸ್ವಲ್ಪ ಹೊತ್ತಿನಲ್ಲಿ ಒಂದು ಗು‌ಳ್ಳೆ ಎದ್ದಿತು, ಹಿಂದೆಯೇ ಇನ್ನೊಂದು, ಆಮೇಲೆ ಸೂಜಿಯಿಂದ ಪೋಣಿಸಿದಂತೆ ಸಾಲು. ಪರೀಕ್ಷಕರು ಅಂಕ ಬರೆದರು. ಕಾಕಾ ಹಿಂದಕ್ಕೆ ಹೋಗಿ ತಮ್ಮ ಜಾಗದಲ್ಲಿ ನಿಂತರು.

ಪರೀಕ್ಷೆ ಮುಗಿದ ಸಂಜೆ ಅವರು ನನ್ನನ್ನು ಹೊಂಡದ ಹತ್ತಿರ ಕರೆದರು. ಬ್ಲೀಚಿಂಗಿನ ನೀರನ್ನು ಹೊರಹಾಕಿ, ಮೂರು ಸಲ ತೊಳೆದು ಒಣಗಿಸಿದ್ದರು. ಉಳಿದ ಬಳ್ಳಿ ಬಕೀಟಿನಲ್ಲಿತ್ತು.

"ಇನ್ನ ಮುಂದಿಂದ ನಿಮ್ಮದು" ಎಂದು ಬಕೀಟು ನನ್ನ ಮುಂದಿಟ್ಟರು.

ಆ ಬೇಸಿಗೆಯ ರಜೆಯಲ್ಲಿ ನಾನು ಊರಿಗೆ ಹೋಗಲಿಲ್ಲ. ಕಾಕಾ ದಿನಾ ಬಂದು ಬೇವಿನ ಕೆಳಗೆ ಬಕೀಟು ಬೋರಲು ಹಾಕಿ ಕೂರುತ್ತಿದ್ದರು. ಕೈ ಮುಟ್ಟಿಸುತ್ತಿರಲಿಲ್ಲ, ಕೇಳದೆ ಹೇಳುತ್ತಿರಲಿಲ್ಲ. ನಾನು ಹೊಲದ ಎರೆಮಣ್ಣಿಗೆ ಗೊಬ್ಬರ ಬೆರೆಸಿ ಬುಟ್ಟಿಯಲ್ಲಿ ತುಂಬಿ ಬಳ್ಳಿ ನೆಟ್ಟೆ. ವಾರದೊಳಗೆ ಹೊಂಡ ಪಾಲಕಿನ ಸಾರಿನಂತಾಯಿತು.

"ಚಲೋ ಆತ್ರಿ" ಎಂದರು ಕಾಕಾ.

"ಏನ ಚಲೋ ಆತ್ರಿ?"

"ಈ ಜನ್ಮದಾಗ ಇನ್ನ ಗೊಬ್ಬರ ಹಾಕೂದಿಲ್ಲ ನೀವು. ಬಳ್ಳಿಗಿಂತ ಮೊದಲ ಹಾವಸಿ ಉಂಡ ಬಿಡತೈತಿ."

ಎಲ್ಲ ತೆಗೆದು, ತೊಳೆದ ಸಣ್ಣ ಕಲ್ಲು ತುಂಬಿ, ಬಳ್ಳಿಯ ಬುಡಕ್ಕೆ ಭಾರ ಕಟ್ಟಿ ಮತ್ತೆ ಮುಳುಗಿಸಿದೆ. ಈ ಸಲ ಹಿಡಿಯಿತು. ಹಿಡಿದದ್ದು ಎಷ್ಟು ಜೋರಾಗಿತ್ತೆಂದರೆ ಮೇ ತಿಂಗಳ ಹೊತ್ತಿಗೆ ಹೊಂಡದ ತುಂಬ ಬಳ್ಳಿಯೇ. ನಾನು ಹೆಮ್ಮೆಯಿಂದ ತೋರಿಸಿದೆ. ಮರುದಿನ ಬೆಳಿಗ್ಗೆ ಬಂದರೆ ಹೊಸದಾಗಿ ಬಿಟ್ಟ ಮೀನುಗಳು ನೀರಿನ ಮೇಲೆ ಬಾಯಿ ತೆರೆದು ಒದ್ದಾಡುತ್ತಿದ್ದವು. ಇಷ್ಟು ಆಮ್ಲಜನಕದ ಗಿಡ ಇದ್ದೂ ಯಾಕೆ ಎಂದು ನಾನು ದಿಕ್ಕೆಟ್ಟು ಕೇಳಿದೆ.

"ಹಗಲಿ ಕೊಡತಾವ್ರಿ, ರಾತ್ರಿ ತಾವೂ ಉಸರಾಡತಾವ. ಕೊಟ್ಟದ್ದಷ್ಟ ಹುಡುಗ್ರಿಗೆ ಹೇಳ್ತೀರಿ ನೀವು. ಇಸ್ಕೊಂಡದ್ದು ಹೇಳೂದಿಲ್ಲ."

ಹೇಳುತ್ತಿದ್ದೆ, ಅಧ್ಯಾಯದ ಕೊನೆಯಲ್ಲಿ ಒಂದು ಸಾಲು. ಆ ದಿನ ಒಂದೇ ಕಾಲು ಇಟ್ಟು ಬಗ್ಗಿ ಮೂರನೆಯ ಪಾಲು ಬಳ್ಳಿ ಕಿತ್ತೆ, ಕಲ್ಲಿನ ಮೇಲೆ ಹರಡಿ ಹುಳುಗಳು ಇಳಿಯಲು ಬಿಟ್ಟೆ. ನನ್ನ ಬಳೆಗಳು ಆ ಹೊತ್ತಿಗೆ ಪ್ರಯೋಗಾಲಯದ ಡ್ರಾವರ್ ಸೇರಿ ತಿಂಗಳಾಗಿತ್ತು.

ಜೂನಿನಲ್ಲಿ ಎರಡು ಮಳೆ ಬಿದ್ದವು. ಮೂರನೆಯ ದಿನ ಬೆಳಿಗ್ಗೆ ಇಳಿಜಾರಿನ ಕಲ್ಲಿನ ಮೇಲೆ ಒಂದು ಕಪ್ಪೆ ಕೂತಿತ್ತು. ಎಲ್ಲಿಂದ ಬಂತೋ ತಿಳಿಯದು. ನನ್ನನ್ನು ನೋಡಿ ನೀರಿಗೆ ಹಾರಿ, ಬಳ್ಳಿಯೊಳಗೆ ಹೋಗಿ, ಕಣ್ಣು ಮಾತ್ರ ಮೇಲಿಟ್ಟಿತು. ನಾನು ಕಾಕಾರನ್ನು ಕರೆಯಲಿಲ್ಲ. ಅವರೇ ಎದ್ದು ಬಂದು ಪಕ್ಕದಲ್ಲಿ ನಿಂತು ನೋಡಿದರು.

"ಚಹಾ ತರ್ಲೇನ್ರಿ ಮೇಡಂ?"

ಹೊಳೆಮಣ್ಣೂರಿನಿಂದ ಬಂದ ಮೇಲೆ ಅವರು ನನಗೆ ಚಹಾ ತಂದುಕೊಟ್ಟಿರಲಿಲ್ಲ. ಆ ದಿನ ತಂದರು. ಸಕ್ಕರೆಯೂ ಇತ್ತು.

ನಾಲ್ಕು ವರ್ಷಗಳ ನಂತರ ಅವರು ನಿವೃತ್ತರಾದರು. ಬೀಳ್ಕೊಡುಗೆಯ ಸಭೆಯಲ್ಲಿ ಶಾಲು ಹೊದಿಸಿ, ನಾಲ್ಕು ಮಾತಾಡಿ ಎಂದು ಒತ್ತಾಯಿಸಿದರು. ಕಾಕಾ ಮೈಕಿನ ಮುಂದೆ ಬಂದು ಹೇಳಿದ್ದು ಇಷ್ಟು: "ಮಳಿಗಾಲಕ್ಕ ಮೊದಲ ಮಾಳಿಗಿ ತೊಳಸ್ರಿ. ಮೊದಲನೇ ಮಳಿ ನೀರ ಹೊಂಡಕ್ಕ ಬಿಡಬ್ಯಾಡ್ರಿ, ಹೊಲಸ ಇರತೈತಿ. ಎರಡನೇದು ಬಿಡ್ರಿ." ಹೋಗಿ ಕುಳಿತರು. ಅಧ್ಯಕ್ಷತೆ ವಹಿಸಿದವರು ಇದನ್ನು ಜೀವನದ ಬಗ್ಗೆ ಹೇಳಿದ ಮಾತೆಂದು ತಿಳಿದು ಹತ್ತು ನಿಮಿಷ ವಿವರಿಸಿದರು.

ನಿವೃತ್ತಿಯ ನಂತರ ದಿನಾ ಬಂದಾರು ಎಂದುಕೊಂಡಿದ್ದೆವು. ಒಂದು ದಿನವೂ ಬರಲಿಲ್ಲ. ಪೇಟೆಯಲ್ಲಿ ಸಿಕ್ಕಾಗ ಕೇಳಿದೆ. "ನಾ ಬಂದ್ರ ನೀವು ನನ್ನ ಮುಖಾ ನೋಡ್ಕೋತ ನಿಂದರ್ತೀರಿ. ಬಳ್ಳಿ ನೋಡೂದಿಲ್ಲ" ಎಂದರು. ನಿಂತಲ್ಲೇ ಬಳ್ಳಿಯ ತುದಿಯ ಬಣ್ಣ ಕೇಳಿದರು, ಹಾವಸಿ ಕೇಳಿದರು, ಇನ್‌ಸ್ಪೆಕ್ಟರ್ ಬಂದಿದ್ದರೇ ಎಂದು ಕೇಳಿದರು. ಕೊತ್ತಂಬರಿ ಕೊಂಡು ಹೋದರು.

ಕಳೆದ ವರ್ಷ ಒಂದು ಮಧ್ಯಾಹ್ನ ಊಟ ಮಾಡಿ ಮಲಗಿದವರು ಏಳಲಿಲ್ಲ. ನಾನು ಮಾತಾಡಿಸಲು ಹೋದಾಗ ಅವರ ಹೆಂಡತಿ ಕಾಕೂ ಪಡಸಾಲೆಯಲ್ಲಿ ಕೂತಿದ್ದರು. ಅಂಗಳದಲ್ಲಿ ಒಂದು ತುಳಸಿ ಬಿಟ್ಟರೆ ಗಿಡವಿರಲಿಲ್ಲ. ಕಾಕಾರ ಮನೆಯೆಂದರೆ ಹಸಿರು ತುಂಬಿರುತ್ತದೆ ಎಂದು ನಾನು ಊಹಿಸಿದ್ದೆ. ಕಾಕೂ ನನ್ನ ಕಣ್ಣು ಹೋದ ಕಡೆ ನೋಡಿದರು.

"ಈ ತುಳಸಿಗೆ ಒಂದ ದಿವಸ ನೀರ ಹಾಕಿದವ್ರಲ್ಲ ಬಿಡ್ರಿ. ಎಲ್ಲಾ ಅಲ್ಲೆ ಹಾಕ್ತಿದ್ರು. ಮಗಳನ್ನ ನೋಡಾಕ ಬೀಗರು ಬಂದ ದಿವಸ ಹಸಿ ಪ್ಯಾಂಟ ಹಾಕ್ಕೊಂಡ ಬಂದ್ರು. ಬೀಗರು ಚಹಾ ಕುಡ್ಯಾಕತ್ತಾರ, ಇವ್ರ ಕಿಸೇದಾಗಿಂದ ಒಂದ ಬಸವನಹುಳ ಹೊಂಟು ಚಾಪಿ ಮ್ಯಾಲ ನಡ್ಯಾಕತ್ತು."

"ಆಮ್ಯಾಲ್ರಿ?"

"ಲಗ್ನ ಆತು. ಅದು ಬ್ಯಾರೆ ಮಾತು."

ಆರು ತಿಂಗಳ ಮೇಲೆ ಅವರು ಪಿಂಚಣಿಯ ಕಾಗದಕ್ಕೆ ಸಹಿ ಬೇಕೆಂದು ಕಾಲೇಜಿಗೆ ಬಂದರು. ಸಹಿ ಆಯಿತು. ಹೊರಟವರು ಬಾಗಿಲಲ್ಲಿ ನಿಂತು, "ಅದ ಎಲ್ಲೈತ್ರಿ?" ಎಂದರು. ಇಷ್ಟು ವರ್ಷಗಳಲ್ಲಿ ಅವರು ಹೊಂಡವನ್ನು ನೋಡಿರಲಿಲ್ಲ ಎಂಬುದು ನನಗೆ ಆಗಲೇ ತಿಳಿದದ್ದು. ಹಿಂದಕ್ಕೆ ಕರೆದುಕೊಂಡು ಹೋದೆ.

ಕಾಕೂ ಹೊಂಡದ ಸುತ್ತ ಒಂದು ಸುತ್ತು ಬಂದರು. ಹತ್ತು ಹೆಜ್ಜೆಯೂ ಆಗಲಿಲ್ಲ.

"ಇಷ್ಟ?"

"ಇಷ್ಟರೀ."

"ಮೂವತ್ತ ವರ್ಷ, ಇಷ್ಟಕ್ಕ?"

ಅವರು ಕಲ್ಲಿನ ಮೇಲೆ ಕೂತರು. ಮೋಡ ಸರಿದು ಬಿಸಿಲು ಬಿತ್ತು. ಬಳ್ಳಿಯ ಮೈಯೆಲ್ಲ ಸಣ್ಣ ಸಣ್ಣ ಹೊಳಪಿನ ಚುಕ್ಕೆ ಮೂಡಿ, ಒಂದೊಂದಾಗಿ ಬಿಡಿಸಿಕೊಂಡು ಮೇಲೇರತೊಡಗಿದವು.

"ಇದೇನ್ರಿ, ಕುದ್ಯಾಕತ್ತೈತಿ?"

"ಇಲ್ರಿ ಕಾಕೂ. ಬಳ್ಳಿ ನೀರಿಗೆ ಗಾಳಿ ಬಿಡಾಕತ್ತೈತಿ. ಮೀನಿಗೆ, ಕಪ್ಪಿಗೆ ಅದರ ಮ್ಯಾಲ ಉಸಿರು."

ಅವರು ಬಹಳ ಹೊತ್ತು ನೋಡಿದರು. ಒಂದು ಏರೋಪ್ಲೇನ್ ಚಿಟ್ಟೆ ಬಂದು ಅವರ ಮೊಳಕಾಲಿನ ಮೇಲೆ ಕೂತಿತು, ಓಡಿಸಲಿಲ್ಲ. ಆಮೇಲೆ ನೀರಿಗೆ ಬಗ್ಗಿ, ಬೈಯುವ ಧ್ವನಿಯಲ್ಲಿ, ಯಾರನ್ನೋ ಎದುರಿಗೆ ನಿಲ್ಲಿಸಿಕೊಂಡವರಂತೆ ಹೇಳಿದರು.

"ಒಂದ ದಿವಸ ಕರ್ಕೊಂಡ ಬಂದ ತೋರಸಾಕ ಏನ ಧಾಡಿ ಆಗಿತ್ತು ನಿಮಗ?"

ನಾನು ಬೇವಿನ ಮರವನ್ನು ನೋಡುತ್ತ ನಿಂತೆ. ಸಂಜೆಯ ಗಂಟೆ ಬಾರಿಸಿದರು. ಕಾಕೂ ಎದ್ದು ಸೀರೆ ಕೊಡವಿಕೊಂಡರು.

"ಮುಂಜಾನಿ ಗೇಟ ಎಷ್ಟಕ್ಕ ತಗೀತೀರಿ?"

ಈಗ ವಾರಕ್ಕೆ ಮೂರು ದಿನ ಬರುತ್ತಾರೆ. ಬಿದ್ದ ಬೇವಿನ ಎಲೆ ಆರಿಸುತ್ತಾರೆ, ಹಾವಸಿ ಸುತ್ತಿ ತೆಗೆಯುತ್ತಾರೆ. ಮಾಡುವಾಗ ಒಂದೇ ಸಮನೆ ಬೈಯುತ್ತಿರುತ್ತಾರೆ, ಮದುವೆಯಾದ ವರ್ಷದಿಂದ ಶುರುಮಾಡಿ, ಯಾವ ವರ್ಷವನ್ನೂ ಬಿಡದೆ. ಮೊನ್ನೆಗೆ ಮಗಳ ಲಗ್ನದವರೆಗೆ ಬಂದಿದ್ದಾರೆ. ಬಳ್ಳಿಗಳು ಚೆನ್ನಾಗಿವೆ.